ಶಿರಸಿಯ ಸೊಸೈಟಿಗೆ ಫೈಲ್ ಹಂಚಿಕೆ ವ್ಯವಸ್ಥೆ: ಮಳೆಗಾಲದಲ್ಲಿ ತಯಾರಿ, ಕೊಯ್ಲಿಗೆ ಮೊದಲು ಚಾಲೂ

ಶಿರಸಿಯಲ್ಲಿ ಹೆಡ್ಡಾಫೀಸು. ಸಿದ್ದಾಪುರ, ಯಲ್ಲಾಪುರ, ಬನವಾಸಿ ಕಡೆ ಶಾಖೆಗಳು. ಇಪ್ಪತ್ತರಿಂದ ಅರವತ್ತು ನೌಕರರು. ಅಡಿಕೆ ವಹಿವಾಟು, ಸಾಲ, ಗೊಬ್ಬರ, ಕಿರಾಣಿ ಎಲ್ಲ ಒಂದೇ ಸಂಘದ ಅಡಿ. ಇಂಥ ಸಹಕಾರಿ ಸಂಘವನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ಕಾರವಾರ, ಅಂಕೋಲಾದ ಮೀನುಗಾರರ ಸಂಘಕ್ಕೋ ಕುಮಟಾದ ಶಿಕ್ಷಣ ಸಂಸ್ಥೆಗೋ ತಿಂಗಳುಗಳನ್ನು ಹಿಂದೆಮುಂದೆ ಮಾಡಿಕೊಂಡರೆ ಸಾಕು.

ಇಂಥ ಆಫೀಸಿನಲ್ಲಿ ಇವತ್ತು ಕಾಗದಗಳು ಎಲ್ಲಿರುತ್ತವೆ? ಒಂದಿಷ್ಟು ಅಕೌಂಟ್ಸ್ ಕಂಪ್ಯೂಟರಿನ ಡಿ ಡ್ರೈವಿನಲ್ಲಿ. ಒಂದಿಷ್ಟು ಯಾರದೋ ಪೆನ್‌ಡ್ರೈವಿನಲ್ಲಿ. ಉಳಿದದ್ದು ವಾಟ್ಸಾಪ್ ಗ್ರೂಪಿನಲ್ಲಿ, ಗುಡ್ ಮಾರ್ನಿಂಗ್ ಚಿತ್ರಗಳ ಮಧ್ಯೆ. ಆಡಿಟರ್ ಒಂದು ಠರಾವು ಕೇಳಿದರೆ ಮೂರು ಪ್ರತಿ ಸಿಗುತ್ತದೆ, ಮೂರರಲ್ಲೂ ಒಂದೊಂದು ಥರ ಇರುತ್ತದೆ.

ಎಲ್ಲ ಫೈಲೂ ಒಂದೇ ಜಾಗದಲ್ಲಿದ್ದು, ಬೇಕಾದವರಿಗೆ ಯಾವ ಶಾಖೆಯಿಂದಲೂ ಸಿಗುವ ಹಂಚಿಕೆ ವ್ಯವಸ್ಥೆ ಇದಕ್ಕೆ ಮದ್ದು. ಅದನ್ನು ತರುವ ಕೆಲಸದಲ್ಲಿ ಸಾಫ್ಟ್‌ವೇರ್ ಆರಿಸುವುದು ಸಣ್ಣ ಭಾಗ. ಯಾವ ಕಾಗದ ಯಾರ ಜವಾಬ್ದಾರಿ, ಅದರ ಅಸಲು ಪ್ರತಿ ಎಲ್ಲಿರಬೇಕು ಎಂಬುದೇ ದೊಡ್ಡ ಭಾಗ. ಅದು ತೀರ್ಮಾನವಾಗದೆ ಎಷ್ಟು ದುಬಾರಿ ವ್ಯವಸ್ಥೆ ತಂದರೂ, ಕಾಗದ ಹುಡುಕಲು ಇನ್ನೊಂದು ಜಾಗ ಜಾಸ್ತಿಯಾಗುತ್ತದೆ ಅಷ್ಟೆ.

ಹಂತ 1: ಐದು ಕಾಗದಗಳ ದಾರಿ ಹಿಡಿಯಿರಿ

ಮೊದಲೇ ಡೆಮೊ ನೋಡಲು ಹೋಗಬೇಡಿ. ಐದು ಕಾಗದ ಆರಿಸಿಕೊಳ್ಳಿ: ಆಡಳಿತ ಮಂಡಳಿ ಸಭೆಯ ನಡಾವಳಿ, ಅಡಿಕೆ ಟೆಂಡರಿನ ಲಾಟ್ ಪಟ್ಟಿ, ಒಂದು ಬೆಳೆಸಾಲದ ಅರ್ಜಿ, ಆಡಿಟ್ ಆಕ್ಷೇಪಣೆಗೆ ಬರೆದ ಉತ್ತರ, ಶಾಖೆಗಳಿಗೆ ಹೋಗುವ ಸುತ್ತೋಲೆ. ಪ್ರತಿಯೊಂದೂ ಎಲ್ಲಿ ಹುಟ್ಟುತ್ತದೆ, ಯಾರ ಕೈ ದಾಟುತ್ತದೆ, ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ಮಾಡುವವರ ಪಕ್ಕದಲ್ಲೇ ಕೂತು ಬರೆದುಕೊಳ್ಳಿ.

ಲಾಟ್ ಪಟ್ಟಿಯನ್ನೇ ನೋಡಿ. ಅಂಗಳದಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಬಗೆಬಗೆಯಾಗಿ ವಿಂಗಡಿಸಿ ಲಾಟ್ ಮಾಡಿದವರು ಪುಸ್ತಕದಲ್ಲಿ ಬರೆಯುತ್ತಾರೆ. ಅದು ಎಕ್ಸೆಲ್‌ಗೆ ಏರುತ್ತದೆ. ಪ್ರಿಂಟ್ ತೆಗೆದು ವ್ಯಾಪಾರಿಗಳಿಗೆ ಕೊಡುತ್ತಾರೆ. ದರ ಬಂದ ಮೇಲೆ ಫೋಟೋ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಅಕೌಂಟ್ಸ್‌ನವರು ಆ ಫೋಟೋ ನೋಡಿ ಮತ್ತೊಮ್ಮೆ ಟೈಪ್ ಮಾಡುತ್ತಾರೆ. ಅದೇ ಅಂಕಿಯನ್ನು ಎರಡೆರಡು ಸಲ ಹೊಡೆಯುವ ಜಾಗ ಎಲ್ಲಿದೆಯೋ ಹೊಸ ವ್ಯವಸ್ಥೆಯ ಲಾಭ ಮೊದಲು ಅಲ್ಲೇ ಕಾಣುತ್ತದೆ. ಆ ಜಾಗಗಳಿಗೆ ಕೆಂಪು ಗುರುತು ಹಾಕಿ.

ಸಾಲದ ಖಾತೆ, ಠೇವಣಿ, ದಿನದ ಲೆಕ್ಕ ಈಗಿರುವ ಲೆಕ್ಕದ ಸಾಫ್ಟ್‌ವೇರಿನಲ್ಲೇ ಇರಲಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆಯೇ ಬೇರೆ, ನಾವಿಲ್ಲಿ ಮಾತಾಡುತ್ತಿರುವುದೇ ಬೇರೆ. ಪತ್ರ, ಪಟ್ಟಿ, ನಡಾವಳಿ, ಕರಡು, ಸ್ಕ್ಯಾನ್ ಪ್ರತಿ, ಇಷ್ಟೇ ನಮ್ಮ ವ್ಯಾಪ್ತಿ. ಇದನ್ನು ಮಂಡಳಿಗೆ ಮೊದಲೇ ಬಿಡಿಸಿ ಹೇಳಿ. ಇಲ್ಲದಿದ್ದರೆ ಎಲ್ಲ ಲೆಕ್ಕವೂ ಮೊಬೈಲಿನಲ್ಲಿ ಕಾಣುತ್ತದೆ ಎಂದು ನಿರ್ದೇಶಕರು ಕಾದು ಕೂರುತ್ತಾರೆ.

ಹಂತ 2: ದಿನ ಗೊತ್ತುಮಾಡಿ

ಊರಿನ ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡೇ ಇದನ್ನು ಮಾಡಬೇಕು. ಮಾರ್ಚ್ ಬೇಡವೇ ಬೇಡ: ವರ್ಷಾಂತ್ಯದ ಲೆಕ್ಕ, ಸಾಲ ವಸೂಲಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯೂ ಸುಮಾರಾಗಿ ಅದೇ ಹೊತ್ತಿಗೆ ಬರುತ್ತದೆ. ಆಗ ಟ್ರೇನಿಂಗ್ ಅಂದರೆ ಯಾರೂ ಬರುವುದಿಲ್ಲ, ಬರಬೇಕೆಂದು ಹೇಳುವುದೂ ಸರಿಯಲ್ಲ. ನವೆಂಬರ್‌ನಿಂದ ಫೆಬ್ರವರಿ ಅಡಿಕೆ ಕೊಯ್ಲು, ಸುಲಿತ. ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆಯ ಗಡಿಬಿಡಿ.

ಹಾಗಾದರೆ ಉಳಿಯುವುದು ಎರಡು ಕಿಂಡಿ. ಜೂನ್, ಜುಲೈಯಲ್ಲಿ ಕರೆಂಟು, ನೆಟ್ ಎರಡೂ ನಂಬಿಕೆಗಿಲ್ಲ. ಆದರೆ ಫೋಲ್ಡರ್ ನಕ್ಷೆ, ಯಾರಿಗೆ ಏನು ಎಂಬ ಪಟ್ಟಿ, ಹಳೆ ಫೈಲುಗಳ ವಿಂಗಡಣೆ ಇವಕ್ಕೆ ನೆಟ್ ಬೇಕಿಲ್ಲ. ಅದನ್ನೆಲ್ಲ ಮಳೆಗಾಲದಲ್ಲಿ ಮುಗಿಸಿ. ಆಗಸ್ಟಿನಲ್ಲಿ ಒಂದು ಶಾಖೆಯಲ್ಲಿ ಪ್ರಯೋಗ ಮಾಡಿ. ಮಹಾಸಭೆ ಮುಗಿದ ಮೇಲೆ, ದೀಪಾವಳಿಗೆ ಮೊದಲು, ಎಲ್ಲರಿಗೂ ಚಾಲೂ ಮಾಡಿ.

ಕರಾವಳಿಯಲ್ಲಿ ಲೆಕ್ಕ ತಿರುಗುಮುರುಗು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಮೀನುಗಾರರ ಸಂಘದವರಿಗೆ ಆ 61 ದಿನವೇ ಟ್ರೇನಿಂಗಿಗೆ ಒಳ್ಳೆ ಸಮಯ. ಆಗಸ್ಟ್ ಬಂತೆಂದರೆ ಯಾರೂ ಕೈಗೆ ಸಿಗುವುದಿಲ್ಲ.

ಹಂತ 3: ಯಾವುದನ್ನು ಆರಿಸುವುದು

ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೊ ವರ್ಕ್‌ಪ್ಲೇಸ್, ಇಲ್ಲವೇ ನಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳುವ ನೆಕ್ಸ್ಟ್‌ಕ್ಲೌಡ್. ಫೈಲ್ ಹಂಚಿಕೆಗೆ ನಾಲ್ಕೂ ಕೆಲಸ ಮಾಡುತ್ತವೆ. ಫೀಚರ್ ಪಟ್ಟಿ ಹೋಲಿಸುತ್ತ ಕೂತರೆ ದೀಪಾವಳಿಯೂ ದಾಟುತ್ತದೆ. ನಿಮ್ಮ ಜನ ಈಗ ಏನು ಬಳಸುತ್ತಿದ್ದಾರೆ ಎಂದು ನೋಡಿ. ಅಕೌಂಟ್ಸ್ ವಿಭಾಗ ಮ್ಯಾಕ್ರೋ (ಶೀಟಿನೊಳಗೆ ತಾನಾಗಿ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಹಾಕಿದ ದೊಡ್ಡ ಎಕ್ಸೆಲ್ ಶೀಟುಗಳ ಮೇಲೆ ನಿಂತಿದ್ದರೆ ಮೈಕ್ರೋಸಾಫ್ಟ್ ವಾಸಿ. ಆ ಮ್ಯಾಕ್ರೋಗಳು ಗೂಗಲ್ ಶೀಟ್ಸಿನಲ್ಲಿ ಹಾಗೇ ಓಡುವುದಿಲ್ಲ. ಶಾಖೆಗಳಲ್ಲಿ ಜನ ಮೊಬೈಲಿನಲ್ಲೇ ಎಲ್ಲ ನೋಡುವುದಾದರೆ ಗೂಗಲ್ ಬೇಗ ಕೈಗೆ ಹತ್ತುತ್ತದೆ. ನೆಕ್ಸ್ಟ್‌ಕ್ಲೌಡಿಗೆ ಲೈಸೆನ್ಸ್ ಖರ್ಚಿಲ್ಲ ಎಂದು ಮರುಳಾಗಬೇಡಿ. ಸರ್ವರ್, ಯುಪಿಎಸ್, ಬ್ಯಾಕಪ್, ಅಪ್‌ಡೇಟ್ ನೋಡಿಕೊಳ್ಳುವ ಪೂರ್ಣಾವಧಿ ಮನುಷ್ಯ ಇಲ್ಲದ ಆಫೀಸಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ಎರಡು ತಪ್ಪನ್ನು ಮಾತ್ರ ಮಾಡಲೇಬೇಡಿ. ಉಚಿತ ಜಿಮೇಲ್ ಖಾತೆಯಲ್ಲಿ ಸಂಘದ ಕಾಗದ ಇಡುವುದು ಒಂದು. 15 ಜಿಬಿ ಜಾಗ ತುಂಬುವುದು ಸಣ್ಣ ತೊಂದರೆ. ಆ ಫೈಲಿನ ಒಡೆತನ ಆ ವ್ಯಕ್ತಿಯದಾಗಿರುತ್ತದೆ, ಅವರು ನಿವೃತ್ತರಾದ ದಿನ ಕಾಗದವೂ ಅವರ ಜೊತೆ ಮನೆಗೆ ಹೋಗುತ್ತದೆ. ಇನ್ನೊಂದು, ಸಂಘದ ಡೊಮೇನ್ ಹೆಸರನ್ನು (ವೆಬ್‌ಸೈಟ್, ಇಮೇಲಿನ ವಿಳಾಸ) ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ನೋಂದಾಯಿಸುವುದು. ಡೊಮೇನ್ ಸಂಘದ ಹೆಸರಿನಲ್ಲೇ ಇರಲಿ. ಅದರ ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ, ಸೀಲ್ ಮಾಡಿ, ತಿಜೋರಿಯಲ್ಲಿಡಿ.

ಲೈಸೆನ್ಸ್ ತಲೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬರುತ್ತದೆ. ವ್ಯಕ್ತಿಯ ಬದಲು ವಿಭಾಗದ ಹೆಸರಿನಲ್ಲಿ ಫೈಲ್ ನಿಲ್ಲುವ ಹಂಚಿಕೆ ಡ್ರೈವ್ ಆ ಪ್ಲಾನಿನಲ್ಲಿ ಸೇರಿದೆಯಾ ಎಂದು ಬರಹದಲ್ಲಿ ಕೇಳಿ. ಎಲ್ಲರಿಗೂ ಒಂದೇ ಪ್ಲಾನ್ ಬೇಕಾಗಿಲ್ಲ. ಗೋಡೌನಿನವರಿಗೆ ಮೇಲ್ ಮತ್ತು ನೋಡುವ ಅವಕಾಶ ಸಾಕು.

ಹಂತ 4: ನೆಟ್, ಕರೆಂಟು, ಹಳೆ ಕಂಪ್ಯೂಟರು

ನಮ್ಮ ಕಡೆ ಈ ಹಂತ ಬಿಟ್ಟರೆ ಮುಂದಿನ ಯಾವುದೂ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಬಂದ ಮಾರಾಟಗಾರರ ಪಟ್ಟಿಯಲ್ಲಿ ಇದು ಇರುವುದೂ ಇಲ್ಲ.

ಪ್ರತಿ ಶಾಖೆಯಲ್ಲಿ ಅಪ್‌ಲೋಡ್ ವೇಗ ಅಳೆಯಿರಿ. ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ಮಳೆ ಹೊಡೆಯುವ ಮಧ್ಯಾಹ್ನ ಒಮ್ಮೆ. ನಿಮ್ಮ ಹತ್ತಿರ 40 ಜಿಬಿ ಹಳೆ ಫೈಲ್ ಇದೆ, ಅಪ್‌ಲೋಡ್ 5 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 5 ಮೆಗಾಬಿಟ್, ಎಂದುಕೊಳ್ಳಿ. ಒಂದು ಬೈಟಿಗೆ ಎಂಟು ಬಿಟ್. ಅಂದರೆ 3,20,000 ಮೆಗಾಬಿಟ್. ಐದರಿಂದ ಭಾಗಿಸಿದರೆ 64,000 ಸೆಕೆಂಡು, ಸುಮಾರು 18 ಗಂಟೆ. ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ. ಹಗಲು ಕೆಲಸ ನಿಲ್ಲಿಸುವಂತಿಲ್ಲ, ಹಾಗಾಗಿ ಮೂರು ನಾಲ್ಕು ರಾತ್ರಿ ಬೇಕು ಎಂದೇ ಇಟ್ಟುಕೊಳ್ಳಿ. ವೇಗ ತೀರಾ ಕಡಿಮೆ ಇರುವ ಶಾಖೆಯ ಫೈಲುಗಳನ್ನು ಹಾರ್ಡ್‌ಡಿಸ್ಕಿನಲ್ಲಿ ಹಾಕಿ ಬಸ್ಸಿನಲ್ಲಿ ಶಿರಸಿಗೆ ತಂದು ಏರಿಸುವುದೇ ಬೇಗ. ನಾಚಿಕೆಪಡುವ ವಿಷಯವೇನಲ್ಲ.

ಫೈಬರ್ ಇದ್ದ ಕಡೆಯೂ 4ಜಿ ಸಿಮ್ ಹಾಕಿದ ಎರಡನೇ ದಾರಿ ಇರಲಿ, ಬೇರೆ ಕಂಪನಿಯದು. ರೌಟರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಹಾಕಿಸಿ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಓಡುತ್ತಿರುತ್ತದೆ, ರೌಟರ್ ಸತ್ತಿರುತ್ತದೆ. ಆಮೇಲೆ ಬೈಗುಳ ಬೀಳುವುದು ಹೊಸ ವ್ಯವಸ್ಥೆಗೆ.

ಲಾಗಿನ್ ಆಗಲು ಪಾಸ್‌ವರ್ಡಿನ ಜೊತೆಗೆ ಎರಡನೇ ಗುರುತು ಕಡ್ಡಾಯ ಮಾಡಿ, ಆದರೆ ಎಸ್ಸೆಮ್ಮೆಸ್ ಒಟಿಪಿಯನ್ನು ನಂಬಬೇಡಿ. ಟವರ್ ಸಿಗದ ಹಳ್ಳಿಯಲ್ಲಿ ಅದು ಬರುವುದೇ ಇಲ್ಲ. ಅಥೆಂಟಿಕೇಟರ್ ಆ್ಯಪ್ ಬಳಸಿ. ಅದು ಸಮಯದ ಲೆಕ್ಕದ ಮೇಲೆ ಫೋನಿನೊಳಗೇ ಸಂಖ್ಯೆ ಹುಟ್ಟಿಸುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಅದಕ್ಕೆ ಸಿಗ್ನಲ್ ಬೇಡ. ಫೋನಿನ ಗಡಿಯಾರ ಸರಿ ಇದ್ದರೆ ಆಯಿತು. ಫೋನ್ ಕಳೆದವರಿಗಾಗಿ ರಿಕವರಿ ಕೋಡುಗಳನ್ನು ಪ್ರಿಂಟ್ ತೆಗೆದು ಶಾಖಾ ವ್ಯವಸ್ಥಾಪಕರ ಬೀರುವಿನಲ್ಲಿಡಿ.

ನೆಟ್ ಇಲ್ಲದ ದಿನಕ್ಕೆಂದು ದಿನನಿತ್ಯದ ಫೋಲ್ಡರುಗಳನ್ನಷ್ಟೇ ಆಫ್‌ಲೈನ್ ಇರುವಂತೆ ಗುರುತಿಸಿ, ಇಡೀ ಡ್ರೈವನ್ನಲ್ಲ. ಇಬ್ಬರು ನೆಟ್ ಇಲ್ಲದಾಗ ಒಂದೇ ಎಕ್ಸೆಲ್ ತಿದ್ದಿದರೆ ಸಂಪರ್ಕ ಬಂದ ಮೇಲೆ ಎರಡು ಪ್ರತಿಗಳಾಗಿ ನಿಲ್ಲಬಹುದು. ಆಫ್‌ಲೈನ್ ಇಟ್ಟ ಫೈಲನ್ನು ತಿದ್ದುವುದು ಒಬ್ಬರೇ ಎಂದು ಮೊದಲೇ ಹೇಳಿಬಿಡಿ.

ಕಂಪ್ಯೂಟರುಗಳ ಪಟ್ಟಿಯನ್ನೂ ಮಾಡಿ. ತೂಕದ ಯಂತ್ರದ ಪಕ್ಕದಲ್ಲಿ ಇನ್ನೂ ವಿಂಡೋಸ್ 7 ಇರುತ್ತದೆ. ಅದರ ಮೇಲೆ ಈಗಿನ ಕ್ರೋಮ್ ಬರುವುದಿಲ್ಲ, 2023ರಲ್ಲೇ ನಿಂತುಹೋಯಿತು. ವಿಂಡೋಸ್ 10ಕ್ಕೂ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಖರ್ಚನ್ನು ಲೈಸೆನ್ಸ್ ಖರ್ಚಿನ ಜೊತೆಗೇ ಮಂಡಳಿಯ ಮುಂದಿಡಿ. ಆಮೇಲೆ ಒಂದೊಂದಾಗಿ ಕೇಳಿದರೆ ಸಿಗುವುದಿಲ್ಲ.

ಹಂತ 5: ಫೋಲ್ಡರ್, ಅನುಮತಿ

ಮೇಲಿನ ಸಾಲಿನಲ್ಲಿ ಆರೇ ಡ್ರೈವ್ ಇರಲಿ: ಆಡಳಿತ ಮಂಡಳಿ, ಸಾಲ, ಅಡಿಕೆ, ಲೆಕ್ಕಪತ್ರ, ನೌಕರರು, ಎಲ್ಲರಿಗೂ. ಅದರ ಒಳಗೆ ವರ್ಷ, ವರ್ಷದ ಒಳಗೆ ವಿಷಯ. ಮೂರು ಮೆಟ್ಟಿಲಿಗಿಂತ ಕೆಳಗೆ ಇಳಿಯಬಾರದು. ವರ್ಷ ಎಂದರೆ ಏಪ್ರಿಲ್‌ನಿಂದ ಮಾರ್ಚ್: 2025-26 ಎಂದೇ ಬರೆಯಿರಿ. ಶಾಖೆಗೊಂದು ಡ್ರೈವ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಿದರೆ ಸಾಲದ ಸುತ್ತೋಲೆ ಪ್ರತಿ ಶಾಖೆಯ ಡ್ರೈವಿನಲ್ಲೂ ಒಂದೊಂದು ಪ್ರತಿಯಾಗಿ ಕೂರುತ್ತದೆ, ಮತ್ತೆ ಹಳೆ ಕಥೆಯೇ.

ಪ್ರತಿ ಡ್ರೈವಿಗೆ ಒಬ್ಬ ಜವಾಬ್ದಾರರು, ಒಬ್ಬ ಬದಲಿ. ಜವಾಬ್ದಾರರು ಕಂಪ್ಯೂಟರ್ ಬಲ್ಲವರೇ ಆಗಬೇಕಿಲ್ಲ, ಆ ಕಾಗದ ಬಲ್ಲವರಾಗಬೇಕು. ಸಾಲದ ಡ್ರೈವ್ ಸಾಲ ವಿಭಾಗದ ಹಿರಿಯ ಗುಮಾಸ್ತರದೇ, ಅವರಿಗೆ ಟೈಪಿಂಗ್ ನಿಧಾನವಾದರೂ ಸರಿ. ಬದಲಿಯಾಗಿ ಹುಡುಗರಲ್ಲೊಬ್ಬರನ್ನು ಜೋಡಿಸಿ.

ಅನುಮತಿಯನ್ನು ವ್ಯಕ್ತಿಗೆ ಕೊಡಬೇಡಿ, ಗುಂಪಿಗೆ ಕೊಡಿ. ‘ಸಾಲ ವಿಭಾಗ’, ‘ಶಾಖಾ ವ್ಯವಸ್ಥಾಪಕರು’, ‘ನಿರ್ದೇಶಕರು’ ಎಂಬ ಗುಂಪು ಮಾಡಿದರೆ ಯಾರಾದರೂ ಯಲ್ಲಾಪುರದಿಂದ ಬನವಾಸಿಗೆ ವರ್ಗವಾದಾಗ ಗುಂಪು ಬದಲಾಯಿಸಿದರೆ ಮುಗಿಯಿತು. ಮೇಲಿನ ಫೋಲ್ಡರಿಗೆ ಕೊಟ್ಟ ಅನುಮತಿ ಕೆಳಗೂ ಹರಿಯುತ್ತದೆ, ಇದನ್ನು ನೆನಪಿಟ್ಟುಕೊಂಡೇ ನಕ್ಷೆ ಮಾಡಿ. ಗುಟ್ಟಿನದನ್ನು ಒಳಗೆಲ್ಲೋ ಬಚ್ಚಿಡಲು ಹೋಗದೆ ಅದಕ್ಕೇ, ಈ ಆರರ ಹೊರಗೆ, ಬೇರೆ ಡ್ರೈವ್ ಮಾಡಿ. ಟೆಂಡರಿನ ದರ ಪ್ರಕಟವಾಗುವ ಮೊದಲು ವ್ಯಾಪಾರಿಗಳು ಬರೆದ ದರ ಎಷ್ಟು ಜನರ ಕಣ್ಣಿಗೆ ಬೀಳಬೇಕು? ಟೆಂಡರ್ ನಡೆಸುವವರಿಗೆ ಮಾತ್ರ. ಪ್ರಕಟವಾದ ಮೇಲೆ ಎಲ್ಲರಿಗೂ. ಆ ಕರಡು ‘ಅಡಿಕೆ’ ಡ್ರೈವಿನ ಸಾಮಾನ್ಯ ಫೋಲ್ಡರಿನಲ್ಲಿ ಒಂದು ಗಂಟೆಯೂ ಇರಬಾರದು. ‘ಲಿಂಕ್ ಇದ್ದ ಯಾರಾದರೂ ನೋಡಬಹುದು’ ಎಂಬ ಆಯ್ಕೆಯನ್ನು ಇಡೀ ಸಂಘಕ್ಕೇ ಮುಚ್ಚಿಬಿಡಿ. ಹೊರಗಿನ ಆಡಿಟರ್‌ಗೆ ಬೇಕಾದರೆ ಅವರ ಇಮೇಲ್ ಹಾಕಿ, ಕೊನೆಯ ದಿನಾಂಕ ಇಟ್ಟು ಕೊಡಿ.

ಸದಸ್ಯರ ಆಧಾರ್, ಪಹಣಿ, ಫೋಟೋ ಇರುವ ಫೋಲ್ಡರಿಗೆ ಇನ್ನೂ ಬಿಗಿ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು. ಮಾಹಿತಿ ಕಾಯುವಲ್ಲಿ ಎಡವಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶ ಇದೆ. ಆಧಾರ್ ಸಂಖ್ಯೆ ಪೂರ್ತಿ ಬೇಕಿಲ್ಲದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಿ. ಗ್ರೂಪಿನಲ್ಲಿ ಆಧಾರ್ ಫೋಟೋ ಹಾಕುವ ಅಭ್ಯಾಸ ಅವತ್ತಿನಿಂದಲೇ ಬಂದ್.

ಹಂತ 6: ನುಡಿ, ಬರಹದ ಹಳೆ ಫೈಲುಗಳು

ಕನ್ನಡದಲ್ಲಿ ಕೆಲಸ ಮಾಡುವ ಆಫೀಸಿನ ತಲೆನೋವು ಇದು. ಹಳೆ ನುಡಿ, ಬರಹ ಫಾಂಟುಗಳಲ್ಲಿ ಹೊಡೆದ ಕಾಗದದ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಆ ಫೈಲನ್ನು ಕ್ಲೌಡಿಗೆ ಏರಿಸಿ ಮೊಬೈಲಿನಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ‘ಠರಾವು’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಹುಡುಕಿದ್ದು ಸಿಗಲಿ ಎಂದೇ ಅಲ್ವಾ ಇದನ್ನೆಲ್ಲ ಮಾಡುತ್ತಿರುವುದು?

ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಯಾವ ಕಂಪ್ಯೂಟರು, ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತಕ್ಕೆ, ಬದಲಾಯಿಸಲು ಹೋಗಬೇಡಿ. ಮುಗಿಯುವ ಕೆಲಸ ಅಲ್ಲ. ಈಗಲೂ ಬಳಸುವ ನಮೂನೆಗಳು, ಉಪವಿಧಿ, ಸೇವಾ ನಿಯಮ, ಚಾಲ್ತಿ ಠರಾವುಗಳು, ಇಷ್ಟನ್ನು ಬದಲಾಯಿಸಿ. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕ ಇದೆ. ಬದಲಾದ ಮೇಲೆ ಕಣ್ಣಿನಿಂದ ಓದಲೇಬೇಕು. ಅರ್ಕಾವೊತ್ತು ಆಚೀಚೆ ಹೋಗಿರುತ್ತದೆ, ನಡುವೆ ಇದ್ದ ಇಂಗ್ಲಿಷ್ ಪದ ಕನ್ನಡದ ಕಲಸುಮೇಲೋಗರವಾಗಿರುತ್ತದೆ, ಕೋಷ್ಟಕದ ಅಂಕಿ ಸರಿದಿರಬಹುದು. ಸಾಲದ ಮೊತ್ತ ಇರುವ ಕಾಗದವಾದರೆ ಇಬ್ಬರು ಓದಲಿ. ಉಳಿದ ಹಳೆಯದನ್ನು ಆ ಫಾಂಟ್ ಇರುವ ಕಂಪ್ಯೂಟರಿನಲ್ಲೇ ತೆರೆದು ಪಿಡಿಎಫ್ ಮಾಡಿ. ಫಾಂಟ್ ಅದರೊಳಗೇ ಸೇರಿಕೊಂಡರೆ ಎಲ್ಲಿ ತೆರೆದರೂ ಓದಬಹುದು. ಒಳಗಿನ ಪದ ಹುಡುಕಲು ಬರುವುದಿಲ್ಲ, ಹಾಗಾಗಿ ಫೈಲಿನ ಹೆಸರನ್ನು ಯೂನಿಕೋಡಿನಲ್ಲಿ ಸರಿಯಾಗಿ ಇಡಿ. ಹೊಸದಾಗಿ ಹೊಡೆಯುವುದೆಲ್ಲ ಇನ್ನು ಮೇಲೆ ಯೂನಿಕೋಡ್. ಕೀಲಿಮಣೆ ವಿನ್ಯಾಸ ಹಳೆಯದೇ ಇರಲಿ, ಬೆರಳಿಗೆ ಹೊಸದು ಕಲಿಸಬೇಕಾಗಿಲ್ಲ.

ಹೆಸರಿಡುವಾಗ ದಿನಾಂಕ ಮೊದಲು, ವರ್ಷದಿಂದ ಶುರು: 2025-08-14 ನಡಾವಳಿ ಆಡಳಿತ ಮಂಡಳಿ. ಹೀಗಿಟ್ಟರೆ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ‘ಫೈನಲ್’, ‘ಫೈನಲ್ 2’, ‘ಕೊನೆಯ ಫೈನಲ್’ ಇನ್ನು ಬೇಡ, ಹಳೆ ಆವೃತ್ತಿಗಳನ್ನು ವ್ಯವಸ್ಥೆಯೇ ಇಟ್ಟುಕೊಳ್ಳುತ್ತದೆ. ಕನ್ನಡ ಹೆಸರು ಧಾರಾಳವಾಗಿ ಇಡಬಹುದು, ಆದರೆ ಚಿಕ್ಕದಿರಲಿ. ನೆಕ್ಸ್ಟ್‌ಕ್ಲೌಡ್ ಓಡುವ ಲಿನಕ್ಸ್ ಸರ್ವರಿನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಒತ್ತಕ್ಷರ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಲೆಕ್ಕ. 85 ಸಂಕೇತಕ್ಕೆ ಮಿತಿ ಮುಗಿಯಿತು. ಮೈಕ್ರೋಸಾಫ್ಟ್ 365ರಲ್ಲಿ ಹಂಚಿಕೆ ಫೈಲ್ ಇಡುವ ಶೇರ್‌ಪಾಯಿಂಟಿನಲ್ಲಿ ಫೋಲ್ಡರ್ ದಾರಿ, ಹೆಸರು ಎಲ್ಲ ಸೇರಿ 400 ಅಕ್ಷರ.

ಹಂತ 7: ಏನು ತರಬೇಕು, ಏನು ಬಿಡಬೇಕು

ಡಿ ಡ್ರೈವನ್ನು ಹಾಗೇ ಎತ್ತಿ ಮೇಲೆ ಹಾಕುವುದು ಗೋಟು, ರಾಶಿ, ಬೆಟ್ಟೆ ಬೇರೆ ಮಾಡದೆ ಒಂದೇ ಚೀಲಕ್ಕೆ ತುಂಬಿದ ಹಾಗೆ. ಈ ವರ್ಷ ಮತ್ತು ಹಿಂದಿನ ವರ್ಷದ್ದನ್ನು ತನ್ನಿ. ನಡಾವಳಿ, ಆಸ್ತಿ ಪತ್ರ, ಆಡಿಟ್ ವರದಿಯಂಥ ಕಾಯಂ ಕಾಗದಗಳನ್ನು ಎಷ್ಟು ಹಳೆಯದಾದರೂ ತನ್ನಿ. ಉಳಿದದ್ದು ಹಾರ್ಡ್‌ಡಿಸ್ಕಿನಲ್ಲಿರಲಿ, ಎರಡು ಪ್ರತಿ, ಎರಡು ಬೇರೆ ಕಟ್ಟಡದಲ್ಲಿ. ಬದಲಾವಣೆಯ ದಿನ ಹಳೆ ಡ್ರೈವನ್ನು ಓದಲು ಮಾತ್ರ ಬಿಡಿ. ಬರೆಯಲು ಬಿಟ್ಟರೆ ಜನ ಅಲ್ಲೇ ಬರೆಯುತ್ತಾರೆ.

ಹಂತ 8: ಒಂದು ಶಾಖೆಯಲ್ಲಿ ಪ್ರಯೋಗ

ಪ್ರಯೋಗಕ್ಕೆ ಹೆಡ್ಡಾಫೀಸಿನ ಚುರುಕು ಹುಡುಗರನ್ನು ಆರಿಸುವುದು ವಾಡಿಕೆ. ನಾನು ಹೇಳುವುದು ಉಲ್ಟಾ. ನೆಟ್ ಅತ್ಯಂತ ಕೆಟ್ಟದಿರುವ ಶಾಖೆ ಮತ್ತು ಅಕೌಂಟ್ಸ್ ವಿಭಾಗ, ಇವೆರಡನ್ನು ಹಾಕಿ. ಅಲ್ಲಿ ನಿಂತದ್ದು ಎಲ್ಲ ಕಡೆ ನಿಲ್ಲುತ್ತದೆ. ಒಂದು ತಿಂಗಳು ಓಡಿಸಿ.

ಟ್ರೇನಿಂಗಿಗೆ ಸಭಾಭವನ, ಪ್ರೊಜೆಕ್ಟರ್ ಬೇಡ. ಅವರವರ ಮೇಜಿನಲ್ಲಿ, ಅವರದೇ ಕೆಲಸದ ಮೇಲೆ, ಒಬ್ಬೊಬ್ಬರಿಗೆ ಅರ್ಧ ಗಂಟೆ. ‘ಭಟ್ರೇ, ಈ ತಿಂಗಳ ಸುತ್ತೋಲೆ ನೀವೇ ಇಲ್ಲಿ ಹಾಕಿ, ನಾನು ಪಕ್ಕದಲ್ಲಿ ಕೂತಿರ್ತೇನೆ’ ಎಂದರೆ ಕೆಲಸ ಆಗುತ್ತದೆ. ಮೌಸನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಹಿರಿಯರಿಗೆ ಕಿರಿಯರ ಎದುರು ಕಲಿಯಲು ಸಂಕೋಚ ಇದ್ದರೆ ಸಂಜೆ ಆಫೀಸು ಮುಚ್ಚಿದ ಮೇಲೆ ಕೂರಿ.

ವಾಟ್ಸಾಪ್ ನಿಲ್ಲಿಸುತ್ತೇವೆ ಎಂದು ಮಾತ್ರ ಹೇಳಬೇಡಿ. ಅದು ಆಗದ ಮಾತು, ಆಗಬೇಕಾಗಿಯೂ ಇಲ್ಲ. ನಿಯಮ ಒಂದೇ: ಗ್ರೂಪಿಗೆ ಫೈಲ್ ಹಾಕಬಾರದು, ಲಿಂಕ್ ಹಾಕಬೇಕು. ಯಾರಾದರೂ ಫೈಲ್ ಹಾಕಿದರೆ ಡ್ರೈವಿನ ಜವಾಬ್ದಾರರು ಅದನ್ನು ಜಾಗಕ್ಕೆ ಸೇರಿಸಿ ಲಿಂಕನ್ನು ವಾಪಸ್ ಹಾಕಲಿ. ಬೈಯುವುದು ಬೇಡ. ಈ ನಿಯಮವನ್ನು ಮುಖ್ಯ ಕಾರ್ಯನಿರ್ವಾಹಕರು ತಾವು ಪಾಲಿಸದಿದ್ದರೆ ಮೂರನೇ ವಾರಕ್ಕೆ ಎಲ್ಲ ಮೊದಲಿನಂತೆ. ನಿರ್ದೇಶಕರಿಗೆ ಸಭೆಯ ಕಾಗದ ಲಿಂಕಿನಲ್ಲಿ ಹೋಗಲಿ, ಪ್ರಿಂಟ್ ಬೇಕು ಎಂದವರಿಗೆ ಪ್ರಿಂಟೂ ಕೊಡಿ. ಆ ಪ್ರಿಂಟ್ ಅಸಲು ಪ್ರತಿಯಿಂದಲೇ ತೆಗೆದಿರಬೇಕು, ಅಷ್ಟೆ.

ಮಂಡಳಿಯಲ್ಲಿ ಯಾರಾದರೂ ‘ಇದೆಲ್ಲ ಸುಮ್ನೆ ಖರ್ಚು’ ಎಂದರೆ ಮಳೆಗಾಲದ ಉದಾಹರಣೆ ಕೊಡಿ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಹೆದ್ದಾರಿಯೂ ಬಂದಾಯಿತು. ದಾರಿ ಕಡಿದ ದಿನಗಳಲ್ಲಿ ಸಹಿಗೆಂದು ಫೈಲ್ ಹಿಡಿದು ಯಾರನ್ನೂ ಘಟ್ಟದ ರಸ್ತೆಗೆ ಕಳಿಸಬೇಕಾಗಿಲ್ಲ ಎಂಬುದು ದೊಡ್ಡ ಅನುಕೂಲ.

ಹಂತ 9: ಚಾಲೂ ಮಾಡುವ ವಾರ, ಆಮೇಲಿನ ಕೆಲಸ

ಸೋಮವಾರ ಶುರು ಮಾಡಬೇಡಿ, ಸಂತೆ, ಟೆಂಡರ್ ಇಲ್ಲದ ದಿನ ನೋಡಿ. ಎರಡು ದಿನ ಮೊದಲೇ ಎಲ್ಲರ ಲಾಗಿನ್ ಪರೀಕ್ಷೆ ಮಾಡಿ. ಮೊದಲ ವಾರ ಒಬ್ಬರು ಫೋನಿಗೆಂದೇ ಕೂರಲಿ, ಪ್ರತಿ ಪ್ರಶ್ನೆಯನ್ನೂ ಬರೆದುಕೊಳ್ಳಲಿ. ಒಂದೇ ಪ್ರಶ್ನೆ ಬೇರೆ ಬೇರೆ ಶಾಖೆಯಿಂದ ಬಂದರೆ ತಪ್ಪು ಕೇಳುವವರದ್ದಲ್ಲ, ಫೋಲ್ಡರ್ ನಕ್ಷೆಯದ್ದು.

ಎಷ್ಟು ಜನ ಲಾಗಿನ್ ಆದರು ಎಂಬ ಅಂಕಿ ನೋಡಿ ಖುಷಿಪಡಬೇಡಿ. ಗ್ರೂಪಿಗೆ ವಾರಕ್ಕೆ ಎಷ್ಟು ಫೈಲ್ ಬಿತ್ತು ಎಂದು ಎಣಿಸಿ. ಅದು ಇಳಿಯುತ್ತಿದ್ದರೆ ಸರಿ ದಾರಿಯಲ್ಲಿದ್ದೀರಿ. ನೌಕರರು ಬಿಟ್ಟುಹೋಗುವ ದಿನ ಮಾಡಬೇಕಾದ ಕೆಲಸವನ್ನು ಬೀಗದ ಕೈ, ಐಡಿ ಕಾರ್ಡ್ ವಾಪಸ್ ಪಡೆಯುವ ನಮೂನೆಯಲ್ಲೇ ಸೇರಿಸಿ: ಖಾತೆ ಮುಚ್ಚುವುದು, ಅವರ ಫೈಲುಗಳ ಒಡೆತನ ವಿಭಾಗಕ್ಕೆ ವರ್ಗಾಯಿಸುವುದು.

ಕ್ಲೌಡಿನಲ್ಲಿದೆ ಎಂದರೆ ಬ್ಯಾಕಪ್ ಇದೆ ಎಂದಲ್ಲ. ಅಳಿಸಿದ ಫೈಲ್ ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಶೇರ್‌ಪಾಯಿಂಟಿನಲ್ಲಿ 93 ದಿನ. ಮಾರ್ಚಿನಲ್ಲಿ ಅಳಿಸಿದ್ದು ಜುಲೈನ ಆಡಿಟಿಗೆ ಬೇಕಾದರೆ ಎರಡರಲ್ಲೂ ಸಿಗುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಪೂರ್ತಿ ಪ್ರತಿಯನ್ನು ಬೇರೆ ಕಡೆ ಇಳಿಸಿಡಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಹಳೆ ನಡಾವಳಿಯನ್ನು ತೆಗೆದು, ತೆರೆದು, ಓದಿ ನೋಡಿ. ಈ ಕೆಲಸವನ್ನು ವ್ಯವಸ್ಥೆ ಹಾಕಿಕೊಟ್ಟ ಏಜೆನ್ಸಿಗೆ ಬಿಡದೆ ನಿಮ್ಮಲ್ಲೇ ಒಬ್ಬರಿಗೆ ಒಪ್ಪಿಸಿ, ಅವರ ಹೆಸರನ್ನು ಠರಾವಿನಲ್ಲೇ ಬರೆಯಿರಿ.